ಕಾವ್ಯಾಳ ಬದಲಿ

ನನ್ನ ಗಂಡ ಬಂಡೆಪ್ಪನವರು ಒಳ್ಳೆಯ ಮನುಷ್ಯ. ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ. ಒಳ್ಳೆಯ ಮನುಷ್ಯನ ಜೊತೆ ಸಂಸಾರ ಮಾಡಿದವರಿಗೇ ಗೊತ್ತು ಅದರ ಕಷ್ಟ. ಹೈದರಾಬಾದಿನ ಸನತ್‌ನಗರದ ನಮ್ಮ ಗಲ್ಲಿಗೆ ನೀರಿನ ಟ್ಯಾಂಕರ್ ಬಂದರೆ ಇವರು ಎಲ್ಲರ ಕೊಡಗಳನ್ನೂ ಸಾಲಿಗೆ ಹಚ್ಚಿ, ಜಗಳ ಬಿಡಿಸಿ, ಮುದುಕಿಯರ ಕೊಡ ಮನೆತನಕ ಹೊತ್ತುಕೊಟ್ಟು ಬರುತ್ತಾರೆ. ಕಡೆಗೆ ನಮ್ಮ ಕೊಡ ಹಿಡಿದು ಹೋಗುವಷ್ಟರಲ್ಲಿ ಟ್ಯಾಂಕರ್ ಖಾಲಿ. ನಾನು ಬೈದರೆ ನಗುತ್ತಾರೆ. ಆ ನಗು ನೋಡಿದರೆ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ.

ಈಗ ಹೇಳಹೊರಟದ್ದು ಅವರು ಅರವತ್ತು ದಾಟಿದ ಮೇಲೆ ಸಾಫ್ಟ್‌ವೇರ್ ಕಂಪನಿಗೆ ಡ್ಯೂಟಿಗೆ ಹೋದ ಕಥೆ.

ಮಾದಾಪುರದ ಕಡೆ ಗುಡ್ಡ ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ ಅದು. ನಮ್ಮ ಮಗಳು ಕಾವ್ಯಾ ಎಂಸಿಎ ಮುಗಿಸಿ ಅಲ್ಲಿನ ಒಂದು ಕಂಪನಿ ಸೇರಿದ್ದಳು. ಸಿಂಗಪುರದ ಆಸ್ಪತ್ರೆಗಳು ಬಿಲ್ಲು ಮಾಡುವ ಸಾಫ್ಟ್‌ವೇರನ್ನು ಇವಳ ಕಂಪನಿ ನೋಡಿಕೊಳ್ಳುತ್ತಿತ್ತು. ಅಲ್ಲಿ ಅದು ಕೆಟ್ಟು ನಿಂತರೆ ಇಲ್ಲಿ ಇವಳ ಫೋನು ಬಡಿದುಕೊಳ್ಳುತ್ತಿತ್ತು. ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಮುಂದೆ ಇರುವುದರಿಂದ ಬೆಳಿಗ್ಗೆ ಏಳಕ್ಕೇ ಇವಳ ಪಾಳಿ ಶುರುವಾಗಿ ಸಂಜೆ ನಾಲ್ಕಕ್ಕೆ ಮುಗಿಯುತ್ತಿತ್ತು.

ಒಂದು ಸಂಜೆ ಅವಳು ಪೇಢೆಯ ಡಬ್ಬಿ ಹಿಡಿದು ಬಂದಳು. ಗಚ್ಚಿಬೌಲಿಯ ದೊಡ್ಡ ಕಂಪನಿಯೊಂದು ಅವಳನ್ನು ಕರೆದಿತ್ತು. ಅವಳಿಗೆ ಇಷ್ಟವಾದ ಕೆಲಸ, ಹೊಸ ಸಾಫ್ಟ್‌ವೇರ್ ಕಟ್ಟುವ ಕೆಲಸ. ಬೇರೆಯವರು ಕಟ್ಟಿದ್ದಕ್ಕೆ ತೇಪೆ ಹಚ್ಚುತ್ತ ಕೂರುವುದು ಅವಳಿಗೆ ಸಾಕಾಗಿತ್ತು. ಆದರೆ ಮುಂದಿನ ತಿಂಗಳ ಒಂದನೇ ತಾರೀಕಿಗೇ ಬಂದು ಸೇರಬೇಕು, ಇಲ್ಲದಿದ್ದರೆ ಆ ಜಾಗ ಮತ್ತೊಬ್ಬರಿಗೆ. ಇಲ್ಲಿನ ಕಂಪನಿಯ ನಿಯಮವೋ, ಬಿಡುವವರು ಎರಡು ತಿಂಗಳು ಮೊದಲೇ ನೋಟಿಸ್ ಕೊಟ್ಟು ಅಷ್ಟೂ ದಿನ ದುಡಿದು ಹೋಗಬೇಕು.

ಇವರು ಮಗಳ ತಲೆ ಸವರಿ ಒಂದು ಪೇಢೆ ಬಾಯಿಗೆ ಹಾಕಿಕೊಂಡರು. ಇನ್ನೊಂದನ್ನು ಕೈಯಲ್ಲಿ ಹಿಡಿದು ಕೇಳಿದರು.

"ಭಾಳ ಛಲೋ ಆತವ್ವ. ಮತ್ತ ಅಲ್ಲಿ ನಿನ್ನ ಜಾಗಾಕ್ಕ ಯಾರು ನಿಂದರತಾರ?"

"ಯಾರರ ನಿಂದರತಾರ ಬಿಡಪ್ಪಾ. ಅದನ್ನ ಕಂಪನಿ ನೋಡ್ಕೋತೈತಿ. ಎಲ್ಲಾರೂ ಹಂಗೇ ಬಿಟ್ಟು ಹೋಗಾಕತ್ತಾರ."

ಎರಡನೆಯ ಪೇಢೆ ಬಹಳ ಹೊತ್ತು ಇವರ ಕೈಯಲ್ಲೇ ಇತ್ತು.

ಯಾಕೆಂದು ನನಗೆ ಗೊತ್ತಿತ್ತು. ಇವರು ಬೆಳೆದದ್ದು ಗುಲಬರ್ಗಾದ ಬಟ್ಟೆ ಗಿರಣಿಯ ಕೆಲಸಗಾರರ ಸಾಲುಮನೆಗಳ ಚಾಳಿನಲ್ಲಿ. ಅಲ್ಲಿ ಒಂದು ಪದ್ಧತಿ ಇತ್ತು. ಮಗ್ಗ ನಡೆಸುವವನಿಗೆ ಜ್ವರ ಬಂದರೆ, ಊರಲ್ಲಿ ಮದುವೆ ಇದ್ದರೆ, ಅವನು ತನ್ನ ತಮ್ಮನನ್ನೋ ಮಗನನ್ನೋ ಕರೆತಂದು ಮೇಸ್ತ್ರಿಯ ಮುಂದೆ ನಿಲ್ಲಿಸಿ, ಇವನು ನನ್ನ ಬದಲಿ ಎಂದು ಹೇಳಿ ಹೋಗುತ್ತಿದ್ದ. ಬದಲಿಯವರು ದಿನಾ ಪಾಳಿಯ ಹೊತ್ತಿಗೆ ಗಿರಣಿಯ ಗೇಟಿನ ಮುಂದೆ ಹಾಜರಿರಬೇಕು. ಒಳಗೆ ಕರೆದರೆ ಕೆಲಸ, ಕರೆಯದಿದ್ದರೆ ಅಲ್ಲೇ ಕೂತಿರಬೇಕು. ಕೆಲಸ ಸಿಗಲಿಲ್ಲವೆಂದು ಎದ್ದು ಹೋಗುವ ಹಾಗಿಲ್ಲ. ಇವರು ಮೀಸೆ ಮೂಡುವ ಮೊದಲೇ ತಮ್ಮ ತಂದೆಯ ಬದಲಿಯಾಗಿ ಹಾಗೆ ಕೂತವರು. ಬದಲಿ ಇಲ್ಲದೆ ಮಗ್ಗ ಬಿಟ್ಟು ಹೋದವನನ್ನು ಚಾಳಿನಲ್ಲಿ ಯಾರೂ ಮಾತಾಡಿಸುತ್ತಿರಲಿಲ್ಲವಂತೆ. ಅವನ ಪಾಲಿನ ಕೆಲಸ ಪಕ್ಕದ ಮಗ್ಗದವನ ತಲೆಗೆ ಬೀಳುತ್ತಿತ್ತು, ಅದಕ್ಕೆ.

ಈ ಬುದ್ಧಿಯನ್ನು ಇವರು ಹೈದರಾಬಾದಿಗೂ ಗಂಟು ಕಟ್ಟಿಕೊಂಡು ಬಂದರು. ಸನತ್‌ನಗರದಲ್ಲಿ ಫ್ಯಾನಿನ ರೆಕ್ಕೆ ಮಾಡುವ ಸಣ್ಣ ಕಾರ್ಖಾನೆಯಲ್ಲಿ ಪ್ರೆಸ್ ಮಷೀನು ನಡೆಸುತ್ತಿದ್ದರು. ನಮ್ಮ ಮದುವೆಯಾದ ಹೊಸತರಲ್ಲಿ ಒಂದು ದೊಡ್ಡ ಸರ್ಕಾರಿ ಕಾರ್ಖಾನೆಯಲ್ಲಿ ಇವರಿಗೆ ಕೆಲಸ ಸಿಕ್ಕಿತು. ಕ್ವಾರ್ಟರ್ಸು, ಪಿಂಚಣಿ, ಎಲ್ಲ ಇತ್ತು. ನಾನು ಆಗಲೇ ಕ್ವಾರ್ಟರ್ಸಿನ ಕಿಟಕಿಗೆ ಪರದೆ ಯಾವ ಬಣ್ಣದ್ದು ಎಂದು ಯೋಚಿಸಿ ಆಗಿತ್ತು. ಆದರೆ ಫ್ಯಾನಿನ ಕಾರ್ಖಾನೆಯ ಮಾಲೀಕ, ಬೇರೆ ಆಳು ಸಿಗುವ ತನಕ ನಿಲ್ಲು ಎಂದ. ಇವರು ನಿಂತರು. ಮಷೀನು ಖಾಲಿ ಬಿಟ್ಟು ಹೆಂಗ ಹೋಗಲಿ ಅಂದರು. ಆಳು ಸಿಕ್ಕು, ಅವನಿಗೆ ಕೆಲಸ ಕಲಿಸಿ, ಇವರು ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಸರ್ಕಾರಿ ಕಾರ್ಖಾನೆಗೆ ಹೋದಾಗ ಆ ಜಾಗದಲ್ಲಿ ಬೇರೆ ಯಾರೋ ಕೂತಿದ್ದರು.

ನಾನು ಆ ಸಿಟ್ಟನ್ನು ಬಹಳ ವರ್ಷ ಸಾಕಿದೆ. ಇವರು ಮಾತ್ರ ಅದರ ಬಗ್ಗೆ ಒಂದು ದಿನವೂ ಬೇಜಾರು ಮಾಡಿಕೊಂಡದ್ದು ನಾನು ನೋಡಲಿಲ್ಲ. ಫ್ಯಾನಿನ ರೆಕ್ಕೆ ಹೊಡೆಯುತ್ತಲೇ ರಿಟೈರಾದರು. ಹಾಗಾಗಿ ಕಾವ್ಯಾಳ ಮಾತು ಕೇಳಿದಾಗ ನಾನು ಗಟ್ಟಿಯಾಗಿಯೇ ಹೇಳಿದೆ.

"ನೀ ಹೋಗು. ನಿಮ್ಮಪ್ಪನ ಮಾತು ಕೇಳಿದ್ರ ಇಲ್ಲೇ ಕುಂದರತಿ."

ಕಾವ್ಯಾ ರಾಜೀನಾಮೆ ಕೊಟ್ಟಳು. ಅವಳ ಮ್ಯಾನೇಜರ್ ರಾಘವೇಂದ್ರ ಅಂತ, ರಾಯಚೂರಿನ ಹುಡುಗ. ಒಳ್ಳೆಯವನು ಎಂದು ಕಾವ್ಯಾ ಮೊದಲೆಲ್ಲ ಹೊಗಳುತ್ತಿದ್ದಳು. ಆ ವಾರ ಅವನ ಹೆಸರು ಎತ್ತಿದರೆ ಅವಳ ಮುಖ ಸಿಂಡರಿಸುತ್ತಿತ್ತು. ಎರಡು ತಿಂಗಳಿಗಿಂತ ಮೊದಲು ಬಿಡುವುದಿಲ್ಲ ಎಂದು ಅವನು ಪಟ್ಟು ಹಿಡಿದಿದ್ದ.

"ಏನಂತಾನ ಅವಾ?" ಎಂದು ಇವರು ಊಟಕ್ಕೆ ಕೂತಾಗ ಕೇಳಿದರು.

"ನಿನ್ನ ಕೆಲಸ ಮಾಡಾಕ ಒಬ್ಬರನ್ನ ತಂದು ನಿಂದ್ರಿಸು, ನಾಳೇನೇ ಬಿಡತೀನಿ ಅಂತಾನ. ನಾ ಎಲ್ಲಿಂದ ತರ್ಲಿ? ಒಂದನೇ ತಾರೀಕಿಗೆ ನಾ ಹೋಗಾಕೇಬೇಕು. ಬಿಟ್ರೂ ಅಷ್ಟೇ, ಬಿಡದಿದ್ರೂ ಅಷ್ಟೇ."

ಅವಳು ತಟ್ಟೆ ತೊಳೆಯಲು ಎದ್ದಳು. ಇವರು ರೊಟ್ಟಿಯ ತುಂಡು ಕೈಯಲ್ಲಿ ಹಿಡಿದು ಗೋಡೆ ನೋಡುತ್ತ ಕೂತರು. ಮುಖದ ಮೇಲೆ ಒಂದು ಸಮಾಧಾನ ಕಾಣಿಸಿತು. ಆಗಲೇ ನನಗೆ ಸಂಶಯ ಬರಬೇಕಿತ್ತು.

ಮರುದಿನ ಕಾವ್ಯಾ ಕಂಪನಿಯ ಕ್ಯಾಬ್ ಹತ್ತಿ ಹೋದ ಮೇಲೆ ಇವರು ಗಡ್ಡ ಹೆರೆದುಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟರು. ಕಾರ್ಖಾನೆಗೆ ಒಯ್ಯುತ್ತಿದ್ದ ಹಳೆಯ ಸ್ಟೀಲಿನ ಡಬ್ಬಿಯನ್ನು ಅಟ್ಟದಿಂದ ಇಳಿಸಿ ತೊಳೆದು, ಎರಡು ರೊಟ್ಟಿ ಹಾಕು ಎಂದರು.

"ಎಲ್ಲಿಗಿ?"

"ಮಾದಾಪುರಕ್ಕ. ಮಗಳ ಬದಲಿ ಹೊಂಟೀನಿ."

ನಾನು ಮೊದಲು ನಕ್ಕೆ. ಆಮೇಲೆ ನೋಡಿದರೆ ಇವರು ನಗುತ್ತಿರಲಿಲ್ಲ. ರಾಘವೇಂದ್ರ ಸಾಹೇಬರೇ ಒಬ್ಬರನ್ನು ತಂದು ನಿಲ್ಲಿಸು ಎಂದಿದ್ದಾರಲ್ಲ, ನಾನು ಖಾಲಿ ಕೂತಿದ್ದೇನಲ್ಲ, ನಾಲ್ಕು ದಿನ ತೋರಿಸಿಕೊಟ್ಟರೆ ಕಲಿಯುತ್ತೇನೆ, ಪಗಾರ ಬೇಡ ಎಂದರು. ಕಂಪ್ಯೂಟರಿನ ಮುಂದೆ ಕೂತು ನೀವೇನು ಮಾಡುತ್ತೀರಿ ಎಂದು ಕೇಳಿದರೆ, ಪ್ರೆಸ್ ಮಷೀನಿನ ಮುಂದೆ ಮೊದಲ ದಿನ ನಿಂತಾಗ ಅದೂ ಗೊತ್ತಿರಲಿಲ್ಲ ಎಂದರು. ಇಂಥವರ ಜೊತೆ ವಾದ ಮಾಡುವುದು ಹೇಗೆ? ಒಬ್ಬರನ್ನೇ ಕಳಿಸಿದರೆ ಇನ್ನೇನು ಮಾಡಿ ಬರುತ್ತಾರೋ ಎಂದು ನಾನೂ ಸೀರೆ ಬದಲಿಸಿ ಹೊರಟೆ.

ಭರತ್‌ನಗರದಲ್ಲಿ ಎಂಎಂಟಿಎಸ್ ರೈಲು ಹತ್ತಿ ಹೈಟೆಕ್ ಸಿಟಿಯಲ್ಲಿ ಇಳಿದೆವು. ಅಲ್ಲಿಂದ ಷೇರ್ ಆಟೋ. ಕಂಪನಿಯ ಗೇಟಿನಲ್ಲಿ ಮಲ್ಲಣ್ಣ ಎಂಬ ಕಾವಲುಗಾರ ಇದ್ದ. ನಾರಾಯಣಪೇಟೆಯ ಕಡೆಯವನು, ನಮ್ಮ ಮಾತು ಕೇಳಿ ಕನ್ನಡದಲ್ಲೇ ವಿಚಾರಿಸಿದ. ಯಾರನ್ನು ನೋಡಬೇಕು ಎಂದರೆ ಇವರು ರಾಘವೇಂದ್ರ ಸಾಹೇಬರನ್ನು ಎಂದರು. ಏನು ಕೆಲಸ ಎಂದರೆ, ಡ್ಯೂಟಿಗೆ ಬಂದೀನಿ ಎಂದರು. ಮಲ್ಲಣ್ಣ ನನ್ನ ಮುಖ ನೋಡಿದ. ನಾನು ಸೆರಗು ಸರಿಮಾಡಿಕೊಂಡು, ನಾವು ಕಾವ್ಯಾಳ ಅಪ್ಪ ಅಮ್ಮ ಎಂದೆ.

ಒಳಗೆ ತಣ್ಣಗೆ ಏಸಿ, ಮೆತ್ತನೆಯ ಸೋಫಾ. ಇವರು ಸೋಫಾದ ತುದಿಯಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತರು. ರಾಘವೇಂದ್ರ ಲಿಫ್ಟಿನಿಂದ ಓಡುತ್ತ ಬಂದ. ಸಣಕಲು ಹುಡುಗ, ಗಡ್ಡ ಬೋಳಿಸಿ ವಾರವಾಗಿರಬೇಕು, ಕಣ್ಣು ಕೆಂಪಗಿತ್ತು.

"ಏನಾತ್ರಿ ಅಂಕಲ್? ಮನ್ಯಾಗ ಎಲ್ಲಾ ಆರಾಮ ಇದ್ದೀರಿಲ್ಲ?"

ಇವರು ಎದ್ದು ನಿಂತು ಕೈ ಮುಗಿದರು. "ಆರಾಮ ಅದೀವ್ರಿ ಸಾಹೇಬ್ರ. ನಾ ಕಾವ್ಯಾನ ಬದಲಿ ಬಂದೀನಿ. ಒಬ್ಬರನ್ನ ನಿಂದ್ರಿಸಿದ್ರ ಬಿಡತೀನಿ ಅಂದಿದ್ರಂತಲ್ಲ. ನನಗ ಕೆಲಸ ತೋರಸ್ರಿ. ಆಕೀನ ಬಿಡ್ರಿ."

ಆ ಹುಡುಗ ನಕ್ಕಿದ್ದರೆ ನಾನು ಅಲ್ಲೇ ಅವನಿಗೆ ನಾಲ್ಕು ಮಾತು ಅನ್ನುತ್ತಿದ್ದೆ. ಅವನು ನಗಲಿಲ್ಲ. ನಮ್ಮ ಪಕ್ಕದಲ್ಲೇ ಕೂತು ಇವರ ಡಬ್ಬಿ ನೋಡಿದ.

"ಕಾಕಾ, ಅದು ನಾಕು ದಿನದಾಗ ಕಲಿಸೂ ಕೆಲಸ ಅಲ್ರಿ. ಕಾವ್ಯಾನೇ ಕಲಿಯಾಕ ಒಂದು ವರ್ಷ ತಗೊಂಡಾಳ. ಆ ಹಳೇ ಸಾಫ್ಟ್‌ವೇರ್ ಇಡೀ ಕಂಪನ್ಯಾಗ ಗೊತ್ತಿರೂದು ಇಬ್ಬರಿಗೇ, ಆಕಿಗೆ ಮತ್ತ ನನಗ."

"ಮತ್ತ ಆಕಿ ಹೋದ್ರ ಆಕಿ ಕೆಲಸ ಯಾರು ಮಾಡವ್ರು?"

"ನಾನೇ."

"ನಿಮ್ಮ ಕೆಲಸ?"

"ಅದೂ ನಾನೇರಿ."

ಇವರ ಮುಖ ಸಣ್ಣದಾಯಿತು. ಒಬ್ಬನ ಕೈಗೆ ಎರಡು ಮಗ್ಗ ಬಿತ್ತು ಎಂದು ಅವರಿಗೆ ಅಷ್ಟರಲ್ಲಿ ಲೆಕ್ಕ ಸಿಕ್ಕಿತ್ತು. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರು. ಹೆಂಡತಿ ಚೊಚ್ಚಲ ಹೆರಿಗೆಗೆ ರಾಯಚೂರಿನ ತವರಿಗೆ ಹೋಗಿದ್ದಾಳೆ, ಶನಿವಾರ ಶನಿವಾರ ಹೋಗಿ ನೋಡಿ ಬರುತ್ತಿದ್ದೆ, ಇನ್ನು ಅದು ಆಗಲಿಕ್ಕಿಲ್ಲ ಎಂದ. ಊಟ ಎಲ್ಲಿ ಎಂದರೆ, ಏನೋ ಒಂದು ತಿನ್ನುತ್ತೇನೆ ಎಂದ.

ಅಷ್ಟರಲ್ಲಿ ಕಾವ್ಯಾ ಇಳಿದು ಬಂದಳು. ಯಾರೋ ಅವಳಿಗೆ ಸುದ್ದಿ ಮುಟ್ಟಿಸಿದ್ದರು.

"ಅಪ್ಪಾ, ನೀ ಇಲ್ಲೇನ ಮಾಡಾಕತ್ತಿ?"

"ನಿನ್ನ ಬದಲಿ ಬಂದಿದ್ದೆ. ಸಾಹೇಬ್ರು ಆಗೂದಿಲ್ಲಂದ್ರು."

ಕೌಂಟರಿನ ಹಿಂದಿದ್ದ ಹುಡುಗಿಯರಿಗೆ ಮಾತು ಅರ್ಥವಾಗದಿದ್ದರೂ ಡಬ್ಬಿ ಅರ್ಥವಾಗಿತ್ತು. ಅವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಕಾವ್ಯಾ ನಮ್ಮಿಬ್ಬರನ್ನೂ ಗೇಟಿನ ತನಕ ನಡೆಸಿಕೊಂಡು ಬಂದು ಆಟೋ ಹತ್ತಿಸಿದಳು. ಒಂದು ಮಾತೂ ಆಡಲಿಲ್ಲ.

ಸಂಜೆ ಮನೆಗೆ ಬಂದು ಎಲ್ಲವನ್ನೂ ಸೇರಿಸಿ ಆಡಿದಳು. ನನ್ನ ಮರ್ಯಾದೆ ಮೂರು ಕಾಸಿಗೆ ಹರಾಜು ಹಾಕಿದಿ, ನಾಳೆಯಿಂದ ಎಲ್ಲರೂ ನನ್ನನ್ನು ನೋಡಿ ನಗುತ್ತಾರೆ, ಇದು ನಿನ್ನ ಗಿರಣಿ ಅಲ್ಲ ಎಂದಳು. ಇವರು ತಲೆ ತಗ್ಗಿಸಿ ಕೇಳಿಕೊಂಡರು. ಅವಳು ಸುಸ್ತಾಗಿ ಕೂತ ಮೇಲೆ ಅವಳಿಗೇ ಅಳು ಬಂತು. ಮ್ಯಾನೇಜರನ ಕೆಂಪು ಕಣ್ಣು ಅವಳೂ ದಿನಾ ನೋಡುತ್ತಿದ್ದಳು.

"ಇರ್ಲೇನಪ್ಪಾ? ಪೂರಾ ಎರಡು ತಿಂಗಳ ಇಲ್ಲೇ ಇದ್ದು ಬಿಡ್ಲೇನು? ಆ ಕೆಲಸ ಹೋದ್ರ ಹೋಗ್ಲಿ."

ಇವರು ಹೌದು ಎನ್ನುತ್ತಾರೆ ಎಂದು ನಾನು ಬಾಯಿ ತೆರೆಯಲು ಸಿದ್ಧಳಾಗಿದ್ದೆ. ಇವರು ಎದ್ದು ಬಂದು ಅವಳ ಪಕ್ಕ ಕೂತರು.

"ಬ್ಯಾಡವ್ವ. ನೀ ಹೋಗು. ನನ್ನಂಗ ಆಗಬ್ಯಾಡ. ಆ ಸರ್ಕಾರಿ ಕಾರ್ಖಾನಿ ಮುಂದ ಬಸ್ಸು ಹಾದು ಹೋದ್ರ ನಾ ಇನ್ನಾ ಬ್ಯಾರೆ ಕಡಿ ಮುಖಾ ಮಾಡಿ ಕುಂದರತೀನಿ."

ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು ನನಗೆ ಇದು ಗೊತ್ತಿರಲಿಲ್ಲ. ನನಗೊಬ್ಬಳಿಗೇ ಹೊಟ್ಟೆ ಉರಿದಿದೆ, ಇವರಿಗೆ ಏನೂ ಅನಿಸಿಲ್ಲ ಎಂದು ಎಷ್ಟು ಸಲ ಚುಚ್ಚಿ ಮಾತಾಡಿದ್ದೆ. ಒಳಗೆ ಹೋಗಿ ಒಲೆಯ ಮುಂದೆ ನಿಂತುಕೊಂಡೆ. ಆ ಹೊತ್ತಿನಲ್ಲಿ ಇವರ ಮೇಲೆ ಬಂದಷ್ಟು ಪ್ರೀತಿ ಮದುವೆಯ ದಿನವೂ ಬಂದಿರಲಿಲ್ಲ.

ಒಂದನೇ ತಾರೀಕಿಗೆ ಕಾವ್ಯಾ ಗಚ್ಚಿಬೌಲಿಗೆ ಹೋದಳು. ಹಳೆಯ ಕಂಪನಿಯವರು ಬಿಡುಗಡೆಯ ಪತ್ರ ಕೊಡಲಿಲ್ಲ. ಹೊಸಬರು, ಪತ್ರ ಇಲ್ಲದಿದ್ದರೂ ನಡೆಯುತ್ತದೆ ಎಂದರು. ಆ ದಿನಗಳಲ್ಲಿ ಜನರನ್ನು ಸೆಳೆದುಕೊಳ್ಳುವ ಆತುರ ಎಲ್ಲರಿಗೂ ಇತ್ತು. ಆದರೆ ಕೊನೆಯ ದಿನ ಅವಳು ಹೋಗಿ ಬರುತ್ತೇನೆ ಎಂದು ಹೇಳಲು ಹೋದಾಗ ರಾಘವೇಂದ್ರ ಕಂಪ್ಯೂಟರಿನಿಂದ ಮುಖ ಎತ್ತಲಿಲ್ಲವಂತೆ. ಅದನ್ನು ಹೇಳುವಾಗ ಕಾವ್ಯಾಳ ದನಿ ಕುಗ್ಗಿತು. ಕೆಲಸ ಕಲಿಸಿದವನು ಅವನೇ ಆಗಿದ್ದ.

ಅವಳು ಹೋದ ಮರುದಿನವೇ ಇವರು ಬೆಳಿಗ್ಗೆ ಸ್ನಾನ ಮಾಡಿ ಡಬ್ಬಿ ಮುಂದಿಟ್ಟರು. ಒಂದಲ್ಲ, ಎರಡು ಡಬ್ಬಿ.

"ಮತ್ತೇನ ತಗದ್ರಿ?"

"ನೋಟಿಸ್ ಮುಗದಿಲ್ಲಲ್ಲ. ಜಾಗಾ ಖಾಲಿ ಐತಿ. ಒಳಗ ಕರೀದಿದ್ರ ಗೇಟಿನಾಗ ಕುಂದರತೀನಿ. ಬದಲಿ ಅಂದ್ರ ಅಷ್ಟೇ ಅಲ್ಲ? ಮತ್ತ ಆ ಹುಡುಗಗ ಉಣ್ಣಾಕ ಒಯ್ಯಾಕಬೇಕು. ಎರಡು ಮಗ್ಗ ನಡಸವಗ ಮಗ್ಗಲದವ್ರೇ ಬುತ್ತಿ ಬಿಚ್ಚಿ ಕೊಡೂದು."

"ಕಾವ್ಯಾಗ ಗೊತ್ತಾದ್ರ?"

"ನೀ ಹೇಳಿದ್ರ ಗೊತ್ತಾಗತೈತಿ."

ಎರಡು ಡಬ್ಬಿ ಅಂದರೆ ನನಗೆ ಎಷ್ಟು ರೊಟ್ಟಿ ಬಡಿಯುವ ಕೆಲಸ ಎಂದು ಇವರಿಗೇನು ಗೊತ್ತು. ಬೈದುಕೊಂಡೇ ಬಡಿದೆ. ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ರಾಯಚೂರಿನ ಹುಡುಗ ಖಾರ ತಿನ್ನುತ್ತಾನೆ ಎಂದು ಹಸಿಮೆಣಸಿನಕಾಯಿ ಚಟ್ನಿಯನ್ನೂ ಇಟ್ಟೆ.

ಮೊದಲ ದಿನ ರಾಘವೇಂದ್ರ ಇಳಿದು ಬರಲೇ ಇಲ್ಲ. ಇವರು ಗೇಟಿನ ಹೊರಗೆ, ಚಹಾದ ಬಂಡಿಯ ಪಕ್ಕದ ಬಾದಾಮಿ ಗಿಡದ ಕೆಳಗೆ ಕಲ್ಲಿನ ಮೇಲೆ ಕೂತು ಎರಡೂ ಡಬ್ಬಿ ಹಿಡಿದುಕೊಂಡು ವಾಪಸು ಬಂದರು. ಎರಡನೆಯ ದಿನ ಮಲ್ಲಣ್ಣ ಒಳಗೆ ಫೋನು ಮಾಡಿ, ನಿಮ್ಮ ಕಾಕಾ ನಿನ್ನೆಯಿಂದ ಕೂತಿದ್ದಾರೆ ಎಂದ. ರಾಘವೇಂದ್ರ ಸಿಡುಕುತ್ತಲೇ ಬಂದನಂತೆ. ಕಾವ್ಯಾ ಕಳಿಸಿದಳೇ, ಪತ್ರ ಕೇಳಲು ಬಂದಿರಾ ಎಂದು ಕೇಳಿದ. ಇವರು ಪತ್ರದ ಮಾತೇ ಎತ್ತಲಿಲ್ಲ. ಡಬ್ಬಿ ಮುಂದೆ ಚಾಚಿ, ಉಂಡು ಹೋಗ್ರಿ, ನಿಮಗ ಹೊತ್ತಾಗತೈತಿ ಎಂದರು. ಅವನು ನಿಂತುಕೊಂಡೇ ಒಂದು ರೊಟ್ಟಿ ತಿಂದ. ಆಮೇಲೆ ಕೂತು ಮೂರು ತಿಂದ.

ಅಂದಿನಿಂದ ಅದು ದಿನದ ರೂಢಿಯಾಯಿತು. ಮಲ್ಲಣ್ಣ ಎಲ್ಲಿಂದಲೋ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಗಿಡದ ಕೆಳಗೆ ಹಾಕಿಕೊಟ್ಟ. ಇವರು ಬೆಳಿಗ್ಗೆ ಹೋಗಿ ಅದರ ಮೇಲೆ ಕೂರುವುದು, ಮಧ್ಯಾಹ್ನ ರಾಘವೇಂದ್ರ ಬಂದು ಉಣ್ಣುವುದು, ನಾಲ್ಕಕ್ಕೆ ಇವರು ಏಳುವುದು. ಉಣ್ಣುವಾಗ ಅವನು ಸಿಂಗಪುರದವರ ಕಾಟ ಹೇಳುತ್ತಿದ್ದ, ಇವರು ಪ್ರೆಸ್ ಮಷೀನಿನ ಕಾಟ ಹೇಳುತ್ತಿದ್ದರು. ಇಬ್ಬರಿಗೂ ಪರಸ್ಪರರ ಕೆಲಸ ತಿಳಿಯುತ್ತಿರಲಿಲ್ಲ, ಆದರೆ ಕಾಟ ತಿಳಿಯುತ್ತಿತ್ತು. ನಡುವೆ ಅವನಿಗೆ ಹೆಣ್ಣುಮಗು ಹುಟ್ಟಿದ ಸುದ್ದಿ ಬಂತು. ಹೋಗಲು ಆಗಲಿಲ್ಲ. ಅಂದು ಅವನು ಇವರ ಹೆಗಲಿಗೆ ತಲೆ ಇಟ್ಟು ಅತ್ತನಂತೆ. ಇವರು ಮನೆಗೆ ಬಂದು ಅದನ್ನು ನನಗೆ ಹೇಳಿ ರೊಟ್ಟಿ ಮುಟ್ಟದೆ ಮಲಗಿದರು. ನಮ್ಮ ಮಗಳ ಸಂತೋಷಕ್ಕೆ ಆ ಹುಡುಗ ಬೆಲೆ ತೆತ್ತ ಎಂಬುದು ಅವರ ಮನಸ್ಸಿನಿಂದ ಹೋಗಲಿಲ್ಲ. ನನ್ನ ಮನಸ್ಸಿನಿಂದಲೂ ಹೋಗಲಿಲ್ಲ, ಆದರೆ ಕಾವ್ಯಾ ಹೋದದ್ದು ತಪ್ಪು ಎಂದು ನಾನು ಇವತ್ತಿಗೂ ಹೇಳಲಾರೆ. ಬಾಣಂತಿಗೆ ಅಂಟಿನುಂಡೆ ಕಟ್ಟಿ ರಾಯಚೂರಿನ ಬಸ್ಸಿಗೆ ಹಾಕಿಸಿದೆ.

ಕಾವ್ಯಾಳಿಗೆ, ಅಪ್ಪ ಪಾರ್ಕಿಗೆ ಹೋಗಿ ಗೆಳೆಯರ ಜೊತೆ ಕೂರುತ್ತಾರೆ ಎಂದು ಹೇಳಿದ್ದೆ. ಹೊಸ ಕೆಲಸದ ಸಂಭ್ರಮದಲ್ಲಿ ಅವಳು ಹೆಚ್ಚು ಕೇಳಲಿಲ್ಲ.

ನೋಟಿಸಿನ ಕೊನೆಯ ದಿನ ನಾನೂ ಜೊತೆಗೆ ಹೋದೆ. ಹೋಳಿಗೆ ಮಾಡಿದ್ದೆ. ಮಲ್ಲಣ್ಣನಿಗೆ, ಚಹಾದ ಬಂಡಿಯವನಿಗೆ ಕೊಟ್ಟೆ. ರಾಘವೇಂದ್ರ ಬಂದ. ಗಡ್ಡ ಬೋಳಿಸಿದ್ದ. ಕಾವ್ಯಾಳ ಜಾಗಕ್ಕೆ ಬಂದ ಹೊಸ ಹುಡುಗಿ ಈಗ ಒಂದಿಷ್ಟು ಕಲಿತಿದ್ದಾಳೆ, ಇವತ್ತು ರಾಯಚೂರಿಗೆ ಹೊರಟಿದ್ದೇನೆ, ಮಗುವಿನ ಮುಖ ನೋಡುತ್ತೇನೆ ಎಂದ. ಹೋಳಿಗೆಗೆ ತುಪ್ಪ ಸುರಿದುಕೊಂಡು ತಿಂದು, ಕೈ ತೊಳೆದು ಇವರಿಗೆ ಹೇಳಿದ.

"ಕಾಕಾ, ಸಾಕ್ರಿ. ಇವತ್ತರ ಜಲ್ದಿ ಮನಿಗೆ ಹೋಗ್ರಿ."

"ನಾಕು ಆಗ್ಲಿ ತಮ್ಮಾ."

ಆ ಹೊತ್ತಿಗೆ ಒಂದು ಆಟೋ ಬಂದು ಗೇಟಿನ ಮುಂದೆ ನಿಂತಿತು. ಇಳಿದವಳು ಕಾವ್ಯಾ. ಹಳೆಯ ಕಂಪನಿಯ ಗೆಳತಿ ಶೈಲಾ ಅವಳಿಗೆ ಬೆಳಿಗ್ಗೆ ಫೋನು ಮಾಡಿ, ನಿಮ್ಮಪ್ಪ ನೀನು ಹೋದಾಗಿನಿಂದ ಇಲ್ಲೇ ಕೂತಿದ್ದಾರೆ, ನಿನಗೆ ಗೊತ್ತಿಲ್ಲವೇ ಎಂದು ಕೇಳಿದ್ದಳು. ಕಾವ್ಯಾಳ ಮುಖ ಕೆಂಪಾಗಿತ್ತು. ಮತ್ತೊಂದು ಜಗಳ ನಡು ರಸ್ತೆಯಲ್ಲೇ ಆಗುತ್ತದೆ ಎಂದುಕೊಂಡೆ. ಇವರು ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಎದ್ದು ನಿಂತರು.

"ನೀ ಯಾಕ ಬಂದಿ? ಕೆಲಸ ಬಿಟ್ಟು ಬಂದಿಯೇನು?"

"ಅರ್ಧಾ ದಿನಾ ರಜಾ ಕೇಳಿ ಬಂದೀನಿ."

"ನಿನ್ನ ಜಾಗಾಕ್ಕ ಯಾರನ್ನ ನಿಂದ್ರಿಸಿ ಬಂದಿ?"

ನನಗೆ ಹಣೆ ಚಚ್ಚಿಕೊಳ್ಳಬೇಕು ಅನಿಸಿತು. ಆದರೆ ಕಾವ್ಯಾ ಸಿಟ್ಟಾಗಲಿಲ್ಲ. ಪಕ್ಕದಲ್ಲಿ ಕೂರುವ ಹುಡುಗಿಗೆ ಎಲ್ಲ ತೋರಿಸಿ, ಒಪ್ಪಿಸಿ ಬಂದಿದ್ದೇನೆ ಎಂದಳು. ಇವರು ತಲೆ ಆಡಿಸಿದರು. ಅವಳು ರಾಘವೇಂದ್ರನ ಕಡೆ ತಿರುಗಿ ಕೊರಳಲ್ಲಿದ್ದ ಬ್ಯಾಡ್ಜನ್ನು ತಿರುವುತ್ತ ನಿಂತಳು. ಅವನೂ ಅಂಗಿಯ ಗುಂಡಿ ನೋಡಿಕೊಳ್ಳುತ್ತ ನಿಂತ. ಆಮೇಲೆ ಅವಳು ಅಪ್ಪನ ಕೈಯಿಂದ ಡಬ್ಬಿಗಳನ್ನು ತೆಗೆದು ನನ್ನ ಕೈಗೆ ಕೊಟ್ಟಳು.

"ಸಾಕಪ್ಪಾ. ಮನಿಗೆ ನಡಿ."

"ಇನ್ನಾ ಪಾಳಿ ಮುಗದಿಲ್ಲವ್ವ."

"ಅದು ನನ್ನ ಪಾಳಿ. ನಾ ಬಂದೀನಲ್ಲ. ನೀ ಹೋಗು."

ಗಿರಣಿಯಲ್ಲಿ ಆ ಮಗ್ಗ ನಡೆಸುವವನೇ ಖುದ್ದಾಗಿ ಬಂದು ನಿಂತರೆ ಬದಲಿಯವನು ಮಾತಿಲ್ಲದೆ ಸರಿದು ಜಾಗ ಬಿಡಬೇಕು. ಇವರು ಹಾಗೆಯೇ ಸರಿದರು. ಹೆಗಲ ಮೇಲಿನ ಟವೆಲಿನಿಂದ ಕುರ್ಚಿಯನ್ನು ಒಂದು ಸಲ ಒರೆಸಿದರು. ಕಾವ್ಯಾ ಕೂತಳು. ಒಳ್ಳೆಯ ಚೂಡಿದಾರ ಹಾಕಿಕೊಂಡು, ಹೊಸ ಕಂಪನಿಯ ಬ್ಯಾಡ್ಜು ಕೊರಳಲ್ಲಿ ಇದ್ದ ಹಾಗೆಯೇ, ಹಳೆಯ ಕಂಪನಿಯ ಗೇಟಿನ ಮುಂದೆ ಬಾದಾಮಿ ಗಿಡದ ಕೆಳಗೆ ಕೂತಳು. ಊಟ ಮುಗಿಸಿ ಬರುತ್ತಿದ್ದ ಅವಳ ಹಳೆಯ ಗೆಳೆಯರು ನಿಂತು ನಿಂತು ನೋಡಿದರು. ಅವಳು ಮುಖ ತಿರುಗಿಸಲಿಲ್ಲ.

ರಾಘವೇಂದ್ರ ಗೇಟಿನ ಒಳಗೆ ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದ. "ನಾಕಕ್ಕ ಬರ್ತೀನಿ. ಹೋಗಬ್ಯಾಡ. ಚಹಾ ಕುಡದು ಹೋಗುವಂತಿ," ಎಂದ.

ಕಾವ್ಯಾ ಹೂಂ ಎಂದಳು. ಅವಳ ಕಣ್ಣು ತುಂಬಿತ್ತು.

ನಾವಿಬ್ಬರೂ ಸ್ಟೇಷನ್ನಿನ ಕಡೆ ನಡೆದೆವು. ಇವರು ಒಂದು ಸಲವೂ ಹಿಂದೆ ನೋಡಲಿಲ್ಲ. ನಾನು ಮೂರು ಸಲ ನೋಡಿದೆ. ಅವಳು ಕೂತೇ ಇದ್ದಳು.

"ಒಮ್ಮೆರ ತಿರುಗಿ ನೋಡಬಾರದ?" ಎಂದೆ.

"ಯಾಕ ನೋಡೂದು," ಎಂದರು ಇವರು. "ಜಾಗಾದಾಗ ಆಕಿ ಅದಾಳ."